ಒಂದು ಬೆರಳು ಮೇಲೆ

ಮಳೆ ಜೋರಾಯಿತು ಎಂದು ನಮ್ಮ ಕೆಳಗಿನಕೇರಿಯಲ್ಲಿ ಯಾರಾದರೂ ಹೆದರಿದರೆ ಹಿರಿಯರು ಒಂದೇ ಮಾತು ಹೇಳುತ್ತಿದ್ದರು: ಹೋಗಿ ವೆಂಕಮ್ಮನ ಗೆರೆ ನೋಡಿ ಬಾ. ವೆಂಕಮ್ಮ ನನ್ನ ಅತ್ತೆ. ಗೆರೆ ಇದ್ದದ್ದು ನಮ್ಮ ಮನೆಯ ಜಗುಲಿಯ ಗೋಡೆಯ ಮೇಲೆ. ನನ್ನ ಗಂಡ ಸುನೀಲ ತೊಟ್ಟಿಲಲ್ಲಿದ್ದ ವರ್ಷ ಹಳ್ಳ ಉಕ್ಕಿ ಮನೆಯೊಳಗೆ ಬಂದಿತ್ತಂತೆ. ನೀರು ಇಳಿದ ಮೇಲೆ ಅತ್ತೆ ಅದು ಬಂದು ನಿಂತ ಜಾಗಕ್ಕೆ ಅಕ್ಕಿ ಹಿಟ್ಟಿನಲ್ಲಿ ಗೇಣುದ್ದದ ಒಂದು ಗೆರೆ ಎಳೆದರು. ಅಂದಿನಿಂದ ಪ್ರತಿ ದೀಪಾವಳಿಗೆ ಗೋಡೆಗೆ ಕೆಮ್ಮಣ್ಣು ಬಳಿಯುವುದು, ಪುಂಡಿನಾರಿನ ಕುಂಚ ಹಿಡಿದು ಆ ಗೆರೆಯನ್ನು ಹೊಸದು ಮಾಡುವುದು, ಅದರ ಮೇಲೆ ಚಿತ್ತಾರ ಬರೆಯುವುದು ನಮ್ಮ ಮನೆಯ ಪದ್ಧತಿ. ಗೆರೆಯ ಕೆಳಗೆ ಏನನ್ನೂ ಬರೆಯುವಂತಿಲ್ಲ. ಅದು ನೀರಿನ ಜಾಗ.

ನಾನು ಈ ಮನೆಗೆ ಬಂದು ಎಂಟು ವರ್ಷವಾಯಿತು. ಅಷ್ಟರಲ್ಲಾಗಲೇ ಅತ್ತೆಯ ಕೈ ನಡುಗುತ್ತಿತ್ತು. ಹಾಗಾಗಿ ಮೊದಲ ದೀಪಾವಳಿಗೇ ಕುಂಚ ನನ್ನ ಕೈಗೆ ಬಂತು. ಹಸಿ ಕೆಮ್ಮಣ್ಣಿನಡಿಯಲ್ಲಿ ಹಳೆಯ ಗೆರೆ ಮಸುಕಾಗಿ ಕಾಣುತ್ತಿತ್ತು. ಅದರ ಮೇಲೇ ಎಳೆಯಲು ಹೊರಟಾಗ ಅತ್ತೆ ಕೈ ಹಿಡಿದರು.

"ಇದ್ದಲ್ಲೇ ಎಳಿಬೇಡ. ಒಂದು ಬೆರಳು ಮೇಲೆ ಎಳಿ. ಬಂದಲ್ಲೇ ಎಳದ್ರೆ, ಮತ್ತೆ ಇಲ್ಲಿಗೇ ಬಾ ಅಂತ ಕರದ ಹಂಗೆ ಆಗ್ತದೆ."

ನೆಂಟರನ್ನು ಕರೆಯದೆ ಇರುವುದಕ್ಕೂ ಒಂದು ಮರ್ಯಾದೆ ಇರುತ್ತದೆ ಎಂದು ನನಗೆ ನಗು ಬಂತು. ಆದರೂ ಬೆರಳು ಅಡ್ಡವಿಟ್ಟು ಅಳೆದು ಒಂದು ಬೆರಳು ಮೇಲೆ ಎಳೆದೆ. ಮರುವರ್ಷವೂ ಹಾಗೇ, ಅದರ ಮರುವರ್ಷವೂ ಹಾಗೇ. ಲೆಕ್ಕದಲ್ಲಿ ನಾನು ಶಾಲೆಯಲ್ಲಿ ಮುಂದಿದ್ದವಳು. ಆದರೆ ಗೋಡೆಯ ಮುಂದೆ ಕೂತು ಬಿಳಿ ಎಳೆಗಳನ್ನು ಎಳೆಯತೊಡಗಿದರೆ ನನಗೆ ಊಟದ ನೆನಪೂ ಇರುವುದಿಲ್ಲ, ಲೆಕ್ಕದ ಮಾತು ದೂರವೇ ಉಳಿಯಿತು. ಮಧ್ಯಾಹ್ನ ಹಳ್ಳದ ಮೇಲೆ ಬಿದ್ದ ಬಿಸಿಲು ಕುಣಿಯುತ್ತ ನಮ್ಮ ಗೋಡೆಗೆ ಬರುತ್ತದೆ. ಆಗ ಚಿತ್ತಾರದ ಗೊಂಬೆಗಳೆಲ್ಲ ನೀರೊಳಗೆ ನಿಂತು ಮೆಲ್ಲಗೆ ತೂಗಿದಂತೆ ಕಾಣುತ್ತದೆ. ಎಷ್ಟೋ ಸಲ ಅಲ್ಲೇ ಗೋಡೆಗೆ ತಲೆಯಾನಿಸಿ ನಿದ್ದೆ ಹೋಗಿದ್ದೇನೆ. ಈ ಮನೆಗೆ ಸೊಸೆ ತಂದದ್ದೋ ಬೆಕ್ಕು ತಂದದ್ದೋ ಎಂದು ಅತ್ತೆ ಕೇಳುವುದು ಅದಕ್ಕೇ.

ನನ್ನ ತವರು ದೂರವಿಲ್ಲ. ಜಗುಲಿಯಲ್ಲಿ ನಿಂತರೆ ಹಳ್ಳದಾಚೆ ಎದುರಿಗೇ ಕಾಣುತ್ತದೆ. ಈ ದಡ ಸಿದ್ದಾಪುರ ತಾಲೂಕು, ಆ ದಡ ಶಿರಸಿ ತಾಲೂಕು. ಅವ್ವ ಸುಬ್ಬಿ ಎರಡು ಎಮ್ಮೆ ಕಟ್ಟಿಕೊಂಡು, ಬುಟ್ಟಿ ಹೆಣೆದುಕೊಂಡು ಅಲ್ಲಿದ್ದಾಳೆ. ತಮ್ಮ ಯಲ್ಲಾಪುರದಲ್ಲಿ ಲಾರಿ ರಿಪೇರಿ ಮಾಡುತ್ತಾನೆ, ಭಾನುವಾರ ಬಂದು ಹೋಗುತ್ತಾನೆ. ಬೇಸಿಗೆಯಲ್ಲಿ ಕಾಲುಸಂಕ ದಾಟಿದರೆ ಎರಡೇ ನಿಮಿಷದಲ್ಲಿ ಅವ್ವನ ಒಲೆಯ ಮುಂದೆ. ಮಳೆಗಾಲದಲ್ಲಿ ಸಂಕದ ಮರದ ದಿಮ್ಮಿಗಳು ನೀರಿನಡಿಗೆ ಹೋಗುತ್ತವೆ. ಆಗ ಸುತ್ತಿ ಬರಬೇಕೆಂದರೆ ಹನ್ನೊಂದು ಕಿಲೋಮೀಟರು. ಮೊಬೈಲು ಇಬ್ಬರ ಹತ್ತಿರವೂ ಇದೆ, ಆದರೆ ಕರೆಂಟು ಹೋದ ಎರಡನೇ ದಿನಕ್ಕೆ ಅದಕ್ಕೂ ಹಲ್ಲುಪುಡಿಯ ಡಬ್ಬಿಗೂ ವ್ಯತ್ಯಾಸವಿರುವುದಿಲ್ಲ. ಕೂಗಿದರೆ ಹಳ್ಳದ ಸದ್ದು ಅರ್ಧ ದಾರಿಯಲ್ಲೇ ಮಾತನ್ನು ನುಂಗುತ್ತದೆ. ಅದಕ್ಕೇ ನಾವು ಕೈಯಲ್ಲಿ ಮಾತಾಡುತ್ತೇವೆ. ಹೊಟ್ಟೆ ಮುಟ್ಟಿಕೊಂಡರೆ ಊಟವಾಯಿತು, ಹಣೆ ಮುಟ್ಟಿಕೊಂಡರೆ ಜ್ವರ, ಎರಡೂ ಕೈ ಎತ್ತಿ ಬೀಸಿದರೆ ಎಮ್ಮೆ ಕರು ಹಾಕಿತು. ನೀರು ಮನೆಯೊಳಗೆ ಬಂದರೆ ಎಲ್ಲಿಯವರೆಗೆ ಬಂತೋ ಮೈಮೇಲೆ ಅಲ್ಲಿ ಕೈಯಿಟ್ಟು ತೋರಿಸಬೇಕು.

ಎರಡು ಸಾವಿರದ ಹತ್ತೊಂಬತ್ತರ ಆಗಸ್ಟಿನಲ್ಲಿ ಹಳ್ಳ ಎರಡೂ ಮನೆಗೆ ನುಗ್ಗಿತು. ನಮ್ಮಲ್ಲಿ ಮಂಡಿಗಿಂತ ನಾಲ್ಕು ಬೆರಳು ಮೇಲೆ ಬಂತು. ಅವ್ವನ ಮನೆ ನಮ್ಮದಕ್ಕಿಂತ ತಗ್ಗಿನಲ್ಲಿದೆ. ನಾನು ಜೀವ ಕೈಯಲ್ಲಿ ಹಿಡಿದುಕೊಂಡು ಆಚೆ ನೋಡುತ್ತಿದ್ದೆ. ಅವ್ವ ಹಿತ್ತಲ ದಿಬ್ಬದ ಮೇಲೆ ಎಮ್ಮೆಗಳ ನಡುವೆ ನಿಂತು, ಬಗ್ಗಿ, ಮಂಡಿ ಮುಟ್ಟಿ ತೋರಿಸಿದಳು. ಮಂಡಿಯಷ್ಟೇ. ನನಗೆ ಹೋದ ಉಸಿರು ಬಂತು. ನೀರು ಇಳಿದ ಮೇಲೆ ಕೇರಿಯವರೆಲ್ಲ ನಮ್ಮ ಜಗುಲಿಗೆ ಬಂದು ಗೋಡೆ ನೋಡಿದರು. ಹೊಸ ನೀರಿನ ಕೊಳೆ ಅತ್ತೆಯ ಗೆರೆಗಿಂತ ಎಷ್ಟೋ ಕೆಳಗಿತ್ತು. ಹಳೆಯ ನೆರೆಯ ಮುಂದೆ ಇದು ಯಾವ ಲೆಕ್ಕ ಎಂದು ಹಿರಿಯರು ಎಲೆಯಡಿಕೆ ಹಾಕಿದರು. ಅತ್ತೆಯ ಮುಖದಲ್ಲಿ ಅಂದು ಸಣ್ಣ ಗರ್ವ ಇತ್ತು. ಯಾರೂ ಸುಳ್ಳು ಹೇಳಿರಲಿಲ್ಲ, ಆದರೂ ಊರಿಗೆ ಊರೇ ಒಂದು ಸುಳ್ಳನ್ನು ನಂಬಿತು.

ಆ ನೆರೆಯ ನಂತರ ಪಂಚಾಯ್ತಿ ಮೆಂಬರು ಜಟ್ಟಪ್ಪಣ್ಣ ಮತ್ತು ಸುನೀಲ ಹಳ್ಳಕ್ಕೆ ತಡೆಗೋಡೆ ಬೇಕು ಎಂದು ಅರ್ಜಿ ಹಿಡಿದು ತಿರುಗತೊಡಗಿದರು. ಸುನೀಲ ಸಿದ್ದಾಪುರದ ಪೇಟೆಯಲ್ಲಿ ಗೂಡ್ಸ್ ರಿಕ್ಷಾ ಓಡಿಸುತ್ತಾನೆ. ಬಾಡಿಗೆ ಬಿಟ್ಟು ಆಫೀಸಿನ ಬಾಗಿಲಲ್ಲಿ ಕೂತ ದಿನಗಳಿಗೆ ಲೆಕ್ಕವಿಲ್ಲ. ಮಾತು ಕಡಿಮೆ, ಹಟ ಜಾಸ್ತಿ. ಐದು ವರ್ಷ ಕಳೆದ ಮೇಲೆ, ಈ ವರ್ಷದ ಜನವರಿಯಲ್ಲಿ, ಗೋಡೆ ಮಂಜೂರಾಯಿತು. ಆದರೆ ನಮ್ಮ ದಡಕ್ಕೆ ಮಾತ್ರ.

ಅಳತೆಗೆ ಬಂದ ಇಂಜಿನಿಯರು ಶಿಲ್ಪಾ ಎಂಬ ಹುಡುಗಿ. ಬನವಾಸಿ ಕಡೆಯವಳು. ತಲೆಗೆ ದುಪಟ್ಟಾ ಸುತ್ತಿ, ಮೂರು ಕಾಲಿನ ಮೇಲೆ ದುರ್ಬೀನಿನಂಥ ಯಂತ್ರ ಕೂರಿಸಿ, ಎರಡು ದಿನ ಹಳ್ಳದ ಗುಂಟ ಓಡಾಡಿದಳು. ಅತಿ ದೊಡ್ಡ ನೆರೆ ಎಲ್ಲಿಯವರೆಗೆ ಬಂದಿತ್ತು ಎಂದು ಅವಳು ಕೇಳಿದಾಗ ಹತ್ತು ಕೈಗಳು ನಮ್ಮ ಗೋಡೆಯತ್ತ ಚಾಚಿದವು. ಅವಳು ಗೆರೆ ನೋಡಿ ಬಹಳ ಖುಷಿಪಟ್ಟಳು. ಇಷ್ಟು ಚೊಕ್ಕ ಗುರುತು ಎಲ್ಲೂ ಸಿಕ್ಕಿರಲಿಲ್ಲವಂತೆ. ಅದರ ಪಕ್ಕದಲ್ಲಿ ಕೆಂಪು ಬಣ್ಣದಲ್ಲಿ ಒಂದು ಬಾಣ ಹಾಕಿ ನಂಬರು ಬರೆದಳು. ಗೋಡೆಯ ತಲೆ ಆ ಮಟ್ಟಕ್ಕೆ ಬರಬೇಕು ಎಂದು ಗೊತ್ತಾಯಿತು. ಅತ್ತೆ ಅವಳಿಗೆ ಬೆಲ್ಲದ ಚಹಾ ಮಾಡಿಸಿದರು.

ನನಗೆ ಕುತೂಹಲ. ಚಹಾ ಕೊಡುವ ನೆಪದಲ್ಲಿ ಯಂತ್ರದೊಳಗೆ ನೋಡಬಹುದೇ ಎಂದು ಕೇಳಿದೆ. ಅವಳು ನಗುತ್ತ ಜಾಗ ಬಿಟ್ಟಳು.

ದುಂಡಗಿನ ಬೆಳಕೊಳಗೆ ಹಳ್ಳದಾಚೆಯ ಲೋಕ ಸದ್ದಿಲ್ಲದೆ ಹತ್ತಿರ ಬಂತು. ಅವ್ವ ಜಗುಲಿಯಲ್ಲಿ ನಿಂತು ತಲೆ ಬಾಚಿಕೊಳ್ಳುತ್ತಿದ್ದಳು. ಅವಳ ಕೂದಲಿನ ನೆರೆ, ಬಾಚಣಿಗೆಯ ಮುರಿದ ಹಲ್ಲು, ತುಟಿಯಲ್ಲಿ ಕಚ್ಚಿಕೊಂಡ ಹೇರ್‌ಪಿನ್ನು, ಎಲ್ಲ ಕಂಡಿತು. ಕೈಚಾಚಿದರೆ ಸಿಕ್ಕುವಳು ಅನ್ನಿಸಿತು. ಗಾಜಿನ ನಡುವೆ ಅಡ್ಡಕ್ಕೆ ಕೂದಲೆಳೆಯಂಥ ಒಂದು ಕಪ್ಪು ಗೆರೆ ಇತ್ತು. ಅದು ಅವ್ವನ ಹಣೆಯ ಮೇಲೆ, ಕುಂಕುಮಕ್ಕೆ ತಾಗಿ, ಹಾದು ಹೋಗಿತ್ತು. ಅವಳು ಬಗ್ಗಿದಾಗ ಪೂರ್ತಿ ಗೆರೆಯ ಕೆಳಗೆ ಮುಳುಗಿದಳು. ಮತ್ತೆ ಎದ್ದಳು.

"ಈ ಕಪ್ಪು ಗೆರೆ ಎಂತದು ಮೇಡಂ?"

"ಅದರೀ, ನಿಮ್ಮ ಗೋಡೆ ಮ್ಯಾಲಿನ ಗೆರಿ ಮಟ್ಟ. ಈಗ ಅದಕ್ಕ ಹಿಡದೇನಿ. ಆ ದಂಡಿಗೂ ಅದೇ ಮಟ್ಟ ನೋಡ್ರಿ."

ಗೋಡೆ ಆ ಎತ್ತರಕ್ಕೆ ಕಟ್ಟಿದರೆ ಈ ಕಡೆ ಬರಲಾಗದ ನೀರು ಎಲ್ಲಿ ಹೋಗುತ್ತದೆ ಎಂದು ಕೇಳಿದೆ. ಅವಳು ಚಹಾದ ಲೋಟ ಕೆಳಗಿಟ್ಟಳು. ಆಮೇಲೆ ಮುಚ್ಚುಮರೆಯಿಲ್ಲದೆ ಹೇಳಿದಳು. ಇಲ್ಲಿ ಎಷ್ಟು ತಡೆದರೆ ಅಷ್ಟು ಅತ್ತ ಏರುತ್ತದೆ. ಆ ದಡ ಬೇರೆ ತಾಲೂಕು, ಅದರ ಕಡತ ಬೇರೆ ಮೇಜಿನ ಮೇಲಿದೆ, ಎರಡೂ ಕಡೆ ಒಟ್ಟಿಗೆ ಕಟ್ಟಬೇಕು ಎಂದು ತಾನೂ ಬರೆದಿದ್ದಾಳೆ. ಹಳೆಯ ನೆರೆಯ ಗುರುತು ಇಷ್ಟು ಎತ್ತರ ಇಲ್ಲದಿದ್ದರೆ ತಗ್ಗು ಗೋಡೆಯೇ ಸಾಕಾಗುತ್ತಿತ್ತು ಎಂದೂ ಹೇಳಿದಳು.

ಆ ಮಧ್ಯಾಹ್ನ ನಾನು ಗೋಡೆಗೊರಗಿ ತೂಕಡಿಸಿದೆ. ಕನಸಿನಲ್ಲಿ ಬಿಳಿ ಗೆರೆ ತಾನೇ ಏರುತ್ತಿತ್ತು. ಬಾಗಿಲ ದಾರಂದ ದಾಟಿತು, ಹಂಚು ದಾಟಿತು. ಚಿತ್ತಾರದ ಗೊಂಬೆಗಳು ಗೋಡೆ ಬಿಟ್ಟು ಈಜುತ್ತಿದ್ದವು. ಅವುಗಳ ನಡುವೆ ಅವ್ವ ತಲೆ ಬಾಚಿಕೊಳ್ಳುತ್ತ ತೇಲಿ ಬಂದಳು. ಏನೂ ಆಗದವಳ ಹಾಗೆ ಬಗ್ಗಿ ಮಂಡಿ ಮುಟ್ಟಿ ತೋರಿಸಿದಳು. ಎಚ್ಚರವಾದಾಗ ನನ್ನ ಬೆರಳು ಗೋಡೆಯ ಮೇಲೆ ಅಡ್ಡಲಾಗಿತ್ತು. ಒಂದು ಬೆರಳು. ಅಷ್ಟರಲ್ಲಿ ಶಾಲೆಯ ಲೆಕ್ಕ ನೆನಪಾಯಿತು. ಸುನೀಲನಿಗೆ ಮೂವತ್ತನಾಲ್ಕು ವರ್ಷ. ವರ್ಷಕ್ಕೊಂದು ಬೆರಳು. ಇಪ್ಪತ್ತನಾಲ್ಕು ಬೆರಳಿಗೆ ಒಂದು ಮೊಳ. ಒಂದು ಮೊಳ ಹತ್ತು ಬೆರಳು.

ನಾನು ಎದ್ದು ನಿಂತು ಗೆರೆಗೆ ಸೊಂಟ ತಾಗಿಸಿದೆ. ಅಲ್ಲಿಂದ ಒಂದು ಮೊಳ ಹತ್ತು ಬೆರಳು ಕೆಳಗೆ ಅಳೆದೆ. ಕೈ ಮಂಡಿಗೆ ಬಂದು ನಿಂತಿತು. ಹಳೆಯ ನೆರೆ ದೊಡ್ಡದಾಗಿರಲೇ ಇಲ್ಲ. ನಾವು, ಅತ್ತೆ ಮತ್ತು ನಾನು, ಅದಕ್ಕೆ ಅನ್ನ ಹಾಕಿ ಬೆಳೆಸಿದ್ದೆವು. ಅದರಲ್ಲಿ ಎಂಟು ಬೆರಳು ನನ್ನವು.

ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಹೇಳಿದರೆ ಗೋಡೆ ತಗ್ಗುತ್ತದೆ, ಗೋಡೆ ತಗ್ಗಿದರೆ ನೀರು ನಮ್ಮ ಮನೆಗೆ ಬರುತ್ತದೆ. ಹತ್ತೊಂಬತ್ತರ ನೀರಿನಲ್ಲಿ ನಮ್ಮ ಪಣತದಲ್ಲಿ ಕೂಡಿಟ್ಟ ಭತ್ತ ಮೊಳಕೆ ಬಂದು ಹುಳಿ ವಾಸನೆ ಹೊಡೆದದ್ದು ನನ್ನ ಮೂಗಿನಿಂದ ಇನ್ನೂ ಹೋಗಿರಲಿಲ್ಲ. ಸುನೀಲ ಐದು ವರ್ಷ ತಿರುಗಿದ್ದು ಕಣ್ಣೆದುರಿಗಿತ್ತು. ಅತ್ತೆಯ ಗೆರೆ ಸುಳ್ಳು ಎಂದು ಊರೆದುರು ಹೇಳುವ ಸೊಸೆಯಾಗುವುದೂ ಬೇಡವಾಗಿತ್ತು. ನನಗೆ ಹೆದರಿಕೆಯಾಗಿತ್ತು, ಅಷ್ಟೇ. ನಾಲ್ಕು ದಿನ ಅಡುಗೆಗೆ ಉಪ್ಪು ಹಾಕಿದ್ದೇನೋ ಇಲ್ಲವೋ ಎಂಬುದೇ ತಿಳಿಯಲಿಲ್ಲ.

ಐದನೇ ದಿನ ಸಂಕ ದಾಟಿ ಅವ್ವನ ಮನೆಗೆ ಹೋದೆ. ಸಂಕದಡಿಯಲ್ಲಿ ಹಳ್ಳ ಪಾದ ಮುಳುಗದಷ್ಟು ಸಣ್ಣಗೆ, ನಿದ್ದೆಯಲ್ಲಿ ಮಾತಾಡಿದ ಹಾಗೆ ಹರಿಯುತ್ತಿತ್ತು. ಇದೇನಾ ಅದು ಅನ್ನಿಸುವಷ್ಟು ಸಾಧು. ಅವ್ವ ಬುಟ್ಟಿ ಹೆಣೆಯುತ್ತಿದ್ದಳು. ಗೋಡೆಯ ವಿಷಯ ಅವಳಿಗೂ ಗೊತ್ತಿತ್ತು. ಆ ಗೋಡೆ ಬಂದರೆ ನಿನ್ನ ಗತಿಯೇನು ಎಂದು ಕೇಳಿದೆ.

"ಕಟ್ಲಿ ಬಿಡು. ನಿನ್ನ ಮನೆ ಒಣಗಿದ್ರೆ ಸಾಕು. ನನ್ನ ಮನಿಗೆ ಯಾವತ್ತೂ ಮಂಡಿಗಿಂತ ಮೇಲೆ ನೀರು ಬರ್ಲಿಲ್ಲ. ನಾ ತೋರಿಸಿದ್ದು ನೆಂಪಿಲ್ವ ನಿಂಗೆ?"

ಹೇಳುತ್ತ ಅವಳು ಹೊಸ ಬಿದಿರಿನ ಸಿಬಿರು ತರಲು ಹಿತ್ತಲಿಗೆ ಹೋದಳು. ಎದುರು ಗೋಡೆಯಲ್ಲಿ ಅವಳ ಭೂಮಣ್ಣಿ ಬುಟ್ಟಿ ತೂಗುತ್ತಿತ್ತು. ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಹೊತ್ತೊಯ್ಯುವ, ಕೆಮ್ಮಣ್ಣು ಬಳಿದು ಬಿಳಿ ಚಿತ್ತಾರ ಬರೆದ ಬುಟ್ಟಿ. ನಾನು ಸಣ್ಣವಳಿದ್ದಾಗ ಅದು ಅಟ್ಟದಲ್ಲಿರುತ್ತಿತ್ತು. ಗೋಡೆಗೆ ಯಾವಾಗ ಬಂತು? ಅದರ ಚಿತ್ತಾರ ಹತ್ತಿರದಿಂದ ನೋಡೋಣವೆಂದು ಮೊಳೆಯಿಂದ ಇಳಿಸಿದೆ.

ಬುಟ್ಟಿಯ ಹಿಂದೆ ಗೋಡೆಯ ಮೇಲೆ ಕೊಳೆಯ ಗೆರೆ ಇತ್ತು. ಮಿಕ್ಕ ಕಡೆಯೆಲ್ಲ ಸುಣ್ಣ ಬಳಿದು ಮುಚ್ಚಿದ್ದಳು. ಅಲ್ಲಿ ಮಾತ್ರ ಸುಣ್ಣ ಎದ್ದು ಹೋಗಿತ್ತು. ನಾನು ಅದರ ಎದುರು ನಿಂತೆ. ಅದು ನನ್ನ ಎದೆಗೆ ಬಂತು. ಅವ್ವ ನನಗಿಂತ ಗಿಡ್ಡ.

ನಾನು ಬುಟ್ಟಿಯನ್ನು ಇದ್ದಲ್ಲೇ ಇಟ್ಟೆ. ಅವಳು ಬಂದು ಎಂತದೇ ಸಪ್ಪಗಿದ್ದೀಯ ಎಂದು ಕೇಳಿದಳು. ಏನಿಲ್ಲ ಎಂದೆ. ಅವಳ ಮೇಲೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಕುತ್ತಿಗೆಮಟ್ಟ ನೀರು ಹೊಕ್ಕ ಮನೆಯನ್ನು ಎದುರಿಗಿಟ್ಟುಕೊಂಡು, ಎಮ್ಮೆಯ ಹಗ್ಗ ಹಿಡಿದು, ಬಗ್ಗಿ ಮಂಡಿ ತೋರಿಸಿದ ಹೆಂಗಸು. ನಾನು ಅದನ್ನು ನಂಬಿ ಅವತ್ತು ಹೊಟ್ಟೆ ತುಂಬ ಗಂಜಿ ಕುಡಿದು ಮಲಗಿದ್ದೆ. ಸಂಕ ದಾಟುವಾಗ ಕಣ್ಣು ಮಂಜಾಗಿ ದಿಮ್ಮಿಯೇ ಕಾಣಲಿಲ್ಲ.

ಮನೆಗೆ ಬಂದವಳೇ ಅತ್ತೆಯ ಎದುರು ಕೂತೆ. ಸುತ್ತಿ ಬಳಸಿ ಹೇಳುವ ಚಾತುರ್ಯ ನನಗಿಲ್ಲ. ಗೆರೆ ಮೊದಲ ವರ್ಷ ಎಲ್ಲಿತ್ತು ಎಂದು ಕೇಳಿದೆ. ಆ ವರ್ಷದಿಂದ ಒಂದು ಮೊಳ ಹತ್ತು ಬೆರಳು ಏರಿದೆ ಎಂದೆ. ಅವ್ವನ ಮನೆಯ ಬುಟ್ಟಿಯ ಹಿಂದೆ ಕಂಡದ್ದನ್ನೂ ಹೇಳಿದೆ. ಅತ್ತೆ ಅಡಕೆ ಹೋಳು ಮಾಡುವುದನ್ನು ನಿಲ್ಲಿಸಿದರು. ಬೈಗುಳಕ್ಕೆ ಕಾದು ಕೂತೆ. ಅವರು ಎದ್ದು ಒಳಗೆ ಹೋದರು. ಮುಗಿಯಿತು ಎಂದುಕೊಂಡೆ.

ಹೊರಗೆ ಬಂದಾಗ ಅವರ ಕೈಯಲ್ಲಿ ತೆಂಗಿನಕಾಯಿಯ ಕರಟದ ಚೂರಿತ್ತು. ಗೋಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕೆಮ್ಮಣ್ಣು ಕೆರೆಯತೊಡಗಿದರು. ಕೆಂಪು ಪುಡಿ ಅವರ ಮಡಿಲಿಗೆ ಉದುರಿತು. ಮೇಲಿನ ಗೆರೆಯ ಕೆಳಗೆ ಇನ್ನೊಂದು ಬಿಳಿ ಗೆರೆ ಎದ್ದು ಬಂತು. ಅದರ ಕೆಳಗೆ ಇನ್ನೊಂದು. ನಡುಗುವ ಕೈ ಕೆರೆಯುವುದಕ್ಕೆ ಚೆನ್ನಾಗಿಯೇ ಆಗುತ್ತಿತ್ತು. ನಾನೂ ಒಂದು ಕರಟ ಹಿಡಿದೆ. ಮಧ್ಯಾಹ್ನದ ಬಿಸಿಲು ಹಳ್ಳದಿಂದೆದ್ದು ಗೋಡೆಯ ಮೇಲೆ ಕುಣಿಯತೊಡಗಿತು. ಒಂದೊಂದೇ ವರ್ಷ ಹೊರಗೆ ಬಂತು. ನಾನು ಎಳೆದ ಗೆರೆಗಳು ಸ್ವಲ್ಪ ದಪ್ಪ, ಅತ್ತೆಯ ನಡುಗುವ ಕಾಲದವು ಅಲೆಅಲೆ, ಅದಕ್ಕೂ ಕೆಳಗೆ ನೂಲಿನಂಥ ನೆಟ್ಟನೆಯ ಗೆರೆಗಳು, ಅತ್ತೆ ನನ್ನ ಪ್ರಾಯದಲ್ಲಿದ್ದಾಗಿನವು. ಗೋಡೆಯ ಮೇಲೆ ಒಂದು ಏಣಿ ನಿಂತಿತು. ಕೊನೆಯ ಮೆಟ್ಟಿಲು ಮಂಡಿಯ ಮಟ್ಟದಲ್ಲಿತ್ತು.

ಅತ್ತೆ ಅದನ್ನು ಬೆರಳಿಂದ ಸವರಿದರು. ಆ ಗೆರೆ ಎಳೆಯುವಾಗ ಸುನೀಲ ಬೆನ್ನ ಹಿಂದೆ ತೊಟ್ಟಿಲಲ್ಲಿ ಅಳುತ್ತಿದ್ದನಂತೆ.

"ನೀರಿಗೆ ಮರ್ಯಾದೆ ಕೊಟ್ಟದ್ದು, ಸುಳ್ಳು ಹೇಳಿದ್ದಲ್ಲ," ಎಂದರು. ಮಡಿಲಿನ ಕೆಂಪು ಪುಡಿ ಕೊಡವಿ, "ಆ ಇಂಜಿನೇರು ಹುಡುಗಿಗೆ ಫೋನ್ ಹಚ್ಚು. ನಾನೇ ಮಾತಾಡ್ತೆ," ಎಂದರು.

ಶಿಲ್ಪಾ ಮರುದಿನವೇ ಬಂದಳು. ಏಣಿಯ ಮುಂದೆ ಕೂತಳು. ಒಂದೊಂದೇ ಗೆರೆ ಎಣಿಸಿದಳು, ಬೆರಳಿಟ್ಟು ಅಳೆದಳು, ಹತ್ತೊಂಬತ್ತರ ನೀರಿನ ಗುರುತನ್ನು ನಮ್ಮಲ್ಲೂ ಅವ್ವನ ಬುಟ್ಟಿಯ ಹಿಂದೆಯೂ ಹಿಡಿದು ನೋಡಿದಳು. ಅವ್ವ ನನ್ನನ್ನು ದುರುಗುಟ್ಟಿ ನೋಡಿದಳು, ನಾನು ಬೇರೆ ಕಡೆ ನೋಡಿದೆ. ಯಂತ್ರ ಮತ್ತೆ ಮೂರು ಕಾಲಿನ ಮೇಲೆ ಕೂತಿತು. ಕೆಂಪು ಬಾಣ ಕೆಳಗಿಳಿಯಿತು.

ಅವಳು ಹೊಸದಾಗಿ ಬರೆದು ತಂದ ನಕ್ಷೆ ಹೀಗಿತ್ತು. ಕೇರಿಯ ಮನೆಗಳ ಹಿಂದೆ ಗೋಡೆ ಬರುತ್ತದೆ, ಆದರೆ ಎತ್ತರ ಮೊಳದಷ್ಟು ಕಡಿಮೆ. ಹಳ್ಳ ತಿರುಗುವಲ್ಲಿ, ನಮ್ಮ ಮನೆಯ ಪಕ್ಕದಲ್ಲಿ, ಗೋಡೆಯೇ ಇರುವುದಿಲ್ಲ. ಅಲ್ಲಿರುವುದು ನಮ್ಮ ಅರ್ಧ ಎಕರೆ ಗದ್ದೆ. ಅದರ ಮೇಲ್ಮಣ್ಣು ತೆಗೆದು ಒಂದಿಷ್ಟು ತಗ್ಗು ಮಾಡಿದರೆ ಉಕ್ಕಿದ ನೀರು ಅಲ್ಲಿ ಹರಡಿ ಸುಸ್ತಾಗುತ್ತದೆ. ತೆಗೆದ ಮಣ್ಣಿನಲ್ಲಿ ಆಚೆ ದಡದ ಮನೆಗಳ ಮುಂದೆ ಒಂದು ಒಡ್ಡು ಹಾಕಿಕೊಳ್ಳಬಹುದು. ಮಣ್ಣು ನಿಮ್ಮದು, ಯಾರ ತಾಲೂಕಿನ ಅಪ್ಪಣೆಯೂ ಬೇಡ, ಎರಡೂ ಪಂಚಾಯ್ತಿಯವರು ಹೂಂ ಅಂದರೆ ಸಾಕು ಎಂದಳು. ಆದರೆ ಒಂದು ಮಾತನ್ನು ಬಿಡಿಸಿ ಹೇಳಿದಳು.

"ನೆರಿ ಬಂದ್ರ ಕೇರಿಗೆಲ್ಲ ಮೊದಲು ನಿಮ್ಮ ಮನಿಗೇ ನೀರು ಬರ್ತದ್ರಿ. ವಿಚಾರ ಮಾಡಿ ಸಹಿ ಹಾಕ್ರಿ."

ಸುನೀಲ ಎದ್ದು ಹೋದ. ಎಂಟು ದಿನ ನನ್ನ ಜೊತೆ ಮಾತಾಡಲಿಲ್ಲ. ನನ್ನೆದುರೇ ಕೂತು, ಅವಳಿಗೆ ಸಾರು ಹಾಕಲು ಹೇಳು ಎಂದು ಅತ್ತೆಗೆ ಹೇಳುತ್ತಿದ್ದ. ಐದು ವರ್ಷ ಗೋಡೆಗಾಗಿ ತಿರುಗಿದವನ ಮನೆಯ ಪಕ್ಕದಲ್ಲೇ ಗೋಡೆಯಿಲ್ಲ ಎಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಜಟ್ಟಪ್ಪಣ್ಣ ಬಂದು, ಹೆಣ್ಣಿನ ಬುದ್ಧಿ ತವರಿನ ಕಡೆ ಎಂದು ಗಾದೆಯ ಹಾಗೆ ಹೇಳಿದರು. ಗೋಡೆ ಕಟ್ಟಿದರೆ ಹಳ್ಳವೂ ನನ್ನ ತವರಿನ ಕಡೆಗೇ ತಿರುಗುವುದು, ಅದಕ್ಕೂ ಬುದ್ಧಿ ಹೇಳಿ ಎಂದು ನಾನು ತಿರುಗಿಸಿದೆ.

ಒಂಬತ್ತನೇ ದಿನ ಬೆಳಿಗ್ಗೆ ಸುನೀಲ ಜಗುಲಿಯಲ್ಲಿ ಆ ಏಣಿಯ ಮುಂದೆ ಕೂತಿದ್ದ. ಕೆಳಗಿನ ಗೆರೆ ಮುಟ್ಟಿ ನೋಡುತ್ತಿದ್ದ. ತಾನು ಹುಟ್ಟಿದ ವರ್ಷದಿಂದ ಮೇಲಕ್ಕೆ ಬೆರಳಿಟ್ಟು ಎಣಿಸಿದ. ಕೊನೆಗೆ, ಎರಡು ಸಲ ನೆಟ್ಟಿ ಮಾಡಿ ಒಂದು ಸಲ ಕೊಯ್ಯುವ ಆ ಗದ್ದೆ ಹೋದರೆ ಹೋಯಿತು, ನೆರೆ ತಂದ ಮಣ್ಣಿನಲ್ಲಿ ಬೇಸಿಗೆ ತರಕಾರಿಯಾದರೂ ಆದೀತು ಎಂದ. ಹೇಳಿದ್ದು ಗೋಡೆಗೆ. ಆದರೆ ನನಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದ. ಮಧ್ಯಾಹ್ನ ಹೋಗಿ ಸಹಿ ಹಾಕಿ ಬಂದ.

ಏಪ್ರಿಲಿನಲ್ಲಿ ಹಿಟಾಚಿ ಬಂತು. ನಮ್ಮ ಗದ್ದೆಯ ಮಣ್ಣು ಟ್ರಾಕ್ಟರಿನಲ್ಲಿ ಒಣ ಹಳ್ಳ ದಾಟಿ ಅವ್ವನ ಮನೆಯ ಮುಂದೆ ಬಿದ್ದಿತು. ಕೇರಿಯ ಹೆಂಗಸರು ದಿಣ್ಣೆಯ ಮೇಲೆ ಸಾಲಾಗಿ ಕೂತು ನೋಡಿದರು. ಎಲ್ಲರ ಸೊಸೆಯಂದಿರು ಸೆರಗಿನಲ್ಲಿ ಕಟ್ಟಿಕೊಂಡು ತವರಿಗೆ ಅಕ್ಕಿ ಬೇಳೆ ಸಾಗಿಸಿದರೆ ವೆಂಕಮ್ಮನ ಸೊಸೆ ಗದ್ದೆಯನ್ನೇ ಸಾಗಿಸಿದಳು ಎಂದು ಒಬ್ಬಳು ಅಂದಳು. ಅದು ಊರ ಮಾತಾಯಿತು. ಕೋಲಸಿರ್ಸಿಯ ಒಂದು ಮದುವೆಯಲ್ಲಿ ಗುರುತಿಲ್ಲದವರೂ ನನ್ನನ್ನು ನೋಡಿ, ಗದ್ದೆ ಹೊತ್ತವಳು ನೀನೇನಾ ಎಂದು ಕೇಳಿದರು. ಅತ್ತೆ ಮಾತ್ರ, ನನ್ನ ಸೊಸೆ ಹೊತ್ತದ್ದು, ನಿಮ್ಮ ಸೊಸೆ ಹೊತ್ತರೆ ನಡ ಮುರಿದೀತು ಎಂದು ಅವರ ಬಾಯಿ ಮುಚ್ಚಿಸಿದರು. ಆ ರಾಶಿ ಮಣ್ಣನ್ನು ಬರಿಗಾಲಲ್ಲಿ ತುಳಿದು ಗಟ್ಟಿ ಮಾಡುವಾಗ ಅವ್ವನೂ ನಾನೂ ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟುಕೊಂಡಿದ್ದೆವು. ನನ್ನ ಗದ್ದೆಯ ಮಣ್ಣು ಅವಳ ಕಾಲಡಿಗೆ ಮೆತ್ತಗಿತ್ತು. ಅವಳು ಬೆಳಗಿನಿಂದ ಸಂಜೆಯವರೆಗೆ ನನ್ನನ್ನು ಬೈದಳು.

ಜುಲೈ ಕೊನೆಯ ವಾರ ಮಳೆ ಹಿಡಿಯಿತು. ನಾಲ್ಕನೇ ದಿನ ಬೆಳಿಗ್ಗೆ ಹಾಲು ಕಾಯಿಸುತ್ತಿದ್ದೆ. ಹಳ್ಳದ ಸದ್ದು ಇದ್ದಕ್ಕಿದ್ದಂತೆ ಬದಲಾಯಿತು. ಒರಟು ಗಂಟಲು ಮೆತ್ತಗಾದ ಹಾಗೆ. ಹೊರಗೆ ಬಂದು ನೋಡಿದರೆ ಅದು ತಿರುವಿನಲ್ಲಿ ದಡ ಬಿಟ್ಟು ನಮ್ಮ ಗದ್ದೆಗೆ ಇಳಿಯುತ್ತಿತ್ತು. ನುಗ್ಗಲಿಲ್ಲ. ಹಬ್ಬಕ್ಕೆ ಬಂದ ನೆಂಟರು ಚಪ್ಪಲಿ ಬಿಟ್ಟು ಒಳಗೆ ಬರುವ ಹಾಗೆ ಬಂತು. ಗದ್ದೆ ಅಗಲವಾದ ಕಂದು ಕೆರೆಯಾಯಿತು, ಅದರಲ್ಲಿ ಆಕಾಶವೂ ಬಂದು ಮಲಗಿತು. ನನಗೆ ಹೆದರಿಕೆಯಾಗಲಿಲ್ಲ. ಕನಸೊಂದನ್ನು ಎರಡನೇ ಸಲ ಕಾಣುತ್ತಿದ್ದೇನೆ ಅನ್ನಿಸುತ್ತಿತ್ತು. ಭತ್ತ ಅಟ್ಟಕ್ಕೇರಿಸಿದ್ದೆವು, ಅತ್ತೆಯನ್ನು ಎತ್ತರದ ಮಂಚದ ಮೇಲೆ ಕೂರಿಸಿದ್ದೆವು. ಗೋಡೆಯ ಹಿಂದಿದ್ದ ಮಿಕ್ಕ ಮನೆಗಳಿಗೆ ಅಂಗಳದವರೆಗೂ ನೀರು ಬರಲಿಲ್ಲ. ನಮ್ಮ ಮೆಟ್ಟಿಲು ಮುಳುಗಿತು, ಜಗುಲಿ ಮುಳುಗಿತು. ನೀರು ನಡುಮನೆಗೆ ಬಂದು ನನ್ನ ಪಾದ ಮುಟ್ಟಿತು, ಮೀನಖಂಡ ಮುಟ್ಟಿತು, ಮಂಡಿಗೆ ಬಂದು ನಿಂತಿತು.

ನಾನು ಜಗುಲಿಗೆ ಬಂದು ಆಚೆ ನೋಡಿದೆ. ಸಂಕ ಎಲ್ಲಿತ್ತೆಂದೇ ಗೊತ್ತಾಗುತ್ತಿರಲಿಲ್ಲ. ಆಚೆ ಅವ್ವ ತನ್ನ ಜಗುಲಿಯಲ್ಲೇ ನಿಂತಿದ್ದಳು. ಬಗ್ಗಿ ಪಾದ ಮುಟ್ಟಿ ತೋರಿಸಿದಳು. ನಾನು ತಲೆಯಾಡಿಸಿದೆ. ನಂಬುವುದಿಲ್ಲ ಎಂದು ಎರಡೂ ಕೈ ಅಲ್ಲಾಡಿಸಿದೆ. ಅವಳು ಮತ್ತೆ ಪಾದ ಮುಟ್ಟಿದಳು. ನಾನು ಮತ್ತೆ ತಲೆಯಾಡಿಸಿದೆ. ಅವಳು ಬೈಯುತ್ತಿದ್ದಳು, ಬಾಯಿ ಕಾಣುತ್ತಿತ್ತು. ಒಳಗೆ ಹೋಗಿ ಊಟದ ಮಣೆ ತಂದು ಜಗುಲಿಯ ನಡುವೆ ಹಾಕಿ ಅದರ ಮೇಲೆ ಕೂತಳು. ನಾಲ್ಕು ಬೆರಳು ಎತ್ತರದ ಮಣೆ. ಕೂತು, ಕಾಲು ಚಾಚಿ, ಸೆರಗಿನಿಂದ ಎಲೆಯಡಿಕೆಯ ಸಂಚಿ ತೆಗೆದು ನಿಧಾನಕ್ಕೆ ಎಲೆಗೆ ಸುಣ್ಣ ಹಚ್ಚಿದಳು. ಒಡ್ಡು ತಡೆದಿತ್ತು.

ನನಗೆ ಅಳು ಬಂತು. ಯಾರಿಗೂ ಕಾಣಲಿಲ್ಲ, ಮೈಯೆಲ್ಲ ಮಳೆಯಾಗಿತ್ತು.

ಎಲೆ ಬಾಯಿಗಿಟ್ಟುಕೊಂಡು ಅವ್ವ ಎದ್ದು ನಿಂತಳು. ನನ್ನತ್ತ ಕೈ ತೋರಿಸಿ, ಆ ಕೈಯನ್ನು ಮೇಲೆ ಕೆಳಗೆ ಆಡಿಸಿದಳು. ನಿನ್ನ ಮನೆಯಲ್ಲಿ ಎಲ್ಲಿಯವರೆಗೆ?

ನಮ್ಮ ಜಗುಲಿಯ ಮುಂದೆ ಸೊಂಟಮಟ್ಟದ ಅಡ್ಡಗೋಡೆಯಿದೆ. ಅದರ ಹಿಂದೆ ನನ್ನ ಕಾಲುಗಳು ಅವಳಿಗೆ ಕಾಣುವ ಹಾಗಿರಲಿಲ್ಲ. ಮಂಡಿಯ ಸುತ್ತ ತಣ್ಣನೆಯ ನೀರು ತಿರುಗುತ್ತಿತ್ತು. ಸೀರೆಯ ನೆರಿಗೆಗಳು ಬಿಚ್ಚಿ ತೇಲುತ್ತಿದ್ದವು. ನಾನು ಒಂದು ಕಾಲನ್ನು ಎತ್ತಿ ಅಡ್ಡಗೋಡೆಯ ಮೇಲಿಟ್ಟು, ಪಾದ ಮುಟ್ಟಿ ತೋರಿಸಿದೆ. ಇಷ್ಟೇ.

ಅವ್ವ ಬಹಳ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಹೊಟ್ಟೆ ಮುಟ್ಟಿಕೊಂಡು, ಉಂಡೆಯಾ ಎಂದು ಕೇಳಿದಳು.

"ಎಷ್ಟು ಅಂತ ತೋರಿಸ್ದೆ?" ಮಂಚದ ಮೇಲಿಂದ ಅತ್ತೆ ಕೇಳಿದರು.

"ಪಾದಕ್ಕೆ."

ಅವರು ನನ್ನ ಮಂಡಿ ನೋಡಿದರು. "ಸುಬ್ಬಿ ಮಗಳೇ ಸೈ ನೀನು," ಎಂದರು.

ನೀರು ಎರಡನೇ ದಿನ ಇಳಿಯಿತು. ಜಗುಲಿಯ ಏಣಿಯಲ್ಲಿ ಕೆಳಗಿನ ಗೆರೆಯ ಮೇಲೇ, ಬೆರಳಿನಷ್ಟೂ ಹೆಚ್ಚುಕಡಿಮೆಯಿಲ್ಲದೆ, ಅದು ತನ್ನ ಗುರುತು ಬಿಟ್ಟು ಹೋಗಿತ್ತು. ಈ ದೀಪಾವಳಿಗೆ ಗೋಡೆಗೆ ಕೆಮ್ಮಣ್ಣು ಬಳಿದ ಮೇಲೆ ನಾನು ಅತ್ತೆಯ ಮುಖ ನೋಡಿದೆ. ಬಂದಲ್ಲೇ ಎಳಿ ಎಂದರು. ಕರೆದ ಹಾಗೆ ಆಗುವುದಿಲ್ಲವೇ ಎಂದು ಕೇಳಿದೆ. ಗದ್ದೆ ಕೊಟ್ಟು ಕರೆದದ್ದಾಯಿತಲ್ಲ, ಇನ್ನೇನು ನಾಚಿಕೆ ಎಂದರು. ಮಂಡಿಯ ಮಟ್ಟದಲ್ಲಿ ಒಂದೇ ಒಂದು ಬಿಳಿ ಗೆರೆ ಎಳೆದೆ. ಅದರ ಮೇಲೆ ಚಿತ್ತಾರಕ್ಕೆ ಈಗ ಬೇಕಾದಷ್ಟು ಜಾಗ.

ಹಬ್ಬದ ಮರುದಿನ ಅವ್ವ ಊಟಕ್ಕೆ ಬರುವವಳಿದ್ದಳು. ಅವಳ ಕಣ್ಣು ಎಂಥದ್ದೆಂದು ನನಗೆ ಗೊತ್ತು. ಬೆಳಿಗ್ಗೆ ಬೇಗ ಎದ್ದು ನನ್ನ ಭೂಮಣ್ಣಿ ಬುಟ್ಟಿ ಅಟ್ಟದಿಂದ ಇಳಿಸಿದೆ. ಬುಟ್ಟಿ ತೂಗಿದರೆ ಗೆರೆ ಮರೆಯಾಗುವ ಹಾಗೆ, ಅದಕ್ಕಿಂತ ಸ್ವಲ್ಪ ಮೇಲೆ ಬೆರಳಿಟ್ಟು, ಇಲ್ಲೊಂದು ಮೊಳೆ ಹೊಡೆದುಕೊಡು ಎಂದು ಸುನೀಲನಿಗೆ ಹೇಳಿದೆ. ಅಷ್ಟು ಕೆಳಗೆ ಯಾರೂ ಬುಟ್ಟಿ ತೂಗುಹಾಕುವುದಿಲ್ಲ. ಅವನು ನನ್ನನ್ನು ನೋಡಿದ, ಹಳ್ಳದಾಚೆ ನೋಡಿದ. ಸುತ್ತಿಗೆ ತರಲು ಒಳಗೆ ಹೋದ.